ತನಗೇ ಬೈದುಕೊಂಡ ಮಾತು

2021ರ ಜನವರಿ 10, ಭಾನುವಾರ. ಹೊರಗೆ ಇನ್ನೂ ಕತ್ತಲು. ಟಿವಿಯೊಳಗೆ ಮಾತ್ರ ಹವಾಯಿಯ ಮಾವಿ ದ್ವೀಪದ ಮಧ್ಯಾಹ್ನದ ಬಿಸಿಲು. ಮನೆಯವರ ನಿದ್ದೆ ಕೆಡಬಾರದೆಂದು ಧ್ವನಿ ತಗ್ಗಿಸಿ, ನಾನೂ ಮಗನೂ ಒಂದೇ ಕಂಬಳಿಯಲ್ಲಿ ಕಾಲು ಹುದುಗಿಸಿ ಕುಳಿತಿದ್ದೆವು. ಅಲ್ಲಿನ ಕಪಾಲುವಾದಲ್ಲಿ ವರ್ಷದ ಮೊದಲ ಗಾಲ್ಫ್ ಟೂರ್ನಿಯ ಮೂರನೇ ಸುತ್ತು ನಡೆಯುತ್ತಿತ್ತು. ಸಮುದ್ರದ ಕಡೆಗೆ ಇಳಿಯುವ ಗುಡ್ಡದ ಮೇಲಿನ ಮೈದಾನ ಅದು. ಅಮೆರಿಕದ ಆಟಗಾರ ಜಸ್ಟಿನ್ ಥಾಮಸ್ ಹಿಂದಿನ ವರ್ಷ ಅಲ್ಲಿ ಗೆದ್ದಿದ್ದರು. ಮಗನಿಗೆ ಅವರೆಂದರೆ ಪ್ರಾಣ. 14 ವರ್ಷದ ಅವನು ತರಗತಿಯಲ್ಲಿ ಎಲ್ಲರಿಗಿಂತ ಸಣ್ಣ ಮೈಕಟ್ಟಿನವನು. ಥಾಮಸ್ ಕೂಡ ದೊಡ್ಡ ಆಳಲ್ಲ, ಆದರೂ ಚೆಂಡನ್ನು ಎಷ್ಟು ದೂರ ಹೊಡೆಯುತ್ತಾರೆ ಎಂಬುದೇ ಅವನಿಗೆ ದೊಡ್ಡ ಧೈರ್ಯ.

ನಾಲ್ಕನೇ ಹೋಲ್‌ನಲ್ಲಿ ಥಾಮಸ್ ಪಾರ್‌ಗಾಗಿ, ಅಂದರೆ ಆ ಹೋಲ್‌ಗೆ ನಿಗದಿಯಾದ ಹೊಡೆತಗಳಲ್ಲೇ ಮುಗಿಸಲು, ಒಂದು ಸಣ್ಣ ಪಟ್ ಹೊಡೆದರು, ಚೆಂಡನ್ನು ಕುಳಿಯ ಕಡೆ ಮೆಲ್ಲಗೆ ಉರುಳಿಸಿದರು. ನಾಲ್ಕೈದು ಅಡಿ ಇದ್ದೀತು. ಚೆಂಡು ಕುಳಿಗೆ ಬೀಳಲಿಲ್ಲ. ಅವರು ಮುಂದೆ ಬಾಗಿ, ಬಾಯೊಳಗೇ ಒಂದು ಮಾತು ಆಡಿಕೊಂಡರು. ಸಲಿಂಗಿಗಳನ್ನು ಹೀಯಾಳಿಸುವ ಇಂಗ್ಲಿಷ್ ಪದ ಅದು. ಬೈದದ್ದು ಯಾರಿಗೂ ಅಲ್ಲ, ತನಗೇ. ಆದರೆ ಧ್ವನಿ ತಗ್ಗಿಸಿದ್ದ ನಮ್ಮ ಟಿವಿಯಲ್ಲೂ ಆ ಪದ ಸ್ಪಷ್ಟವಾಗಿ ಕೇಳಿಸಿತು.

ಮಗ ನನ್ನ ಮುಖ ನೋಡಿದ. ಅವನಿಗೆ ಅರ್ಥವಾಗಿತ್ತು. ಆ ಪದ ಅವನ ಶಾಲೆಯಲ್ಲೂ ಓಡಾಡುತ್ತದೆ ಎಂದು ಆ ನೋಟವೇ ಹೇಳಿತು. ನಾನು ಎದ್ದು, ಹಾಲು ಕಾಯಿಸುತ್ತೇನೆ ಎಂದು ಅಡುಗೆಮನೆಗೆ ಹೋದೆ. ಆ ಕ್ಷಣ ನಾನು ಮಾಡಿದ್ದು ತಪ್ಪಿಸಿಕೊಳ್ಳುವ ಕೆಲಸ.

ಗಾಲ್ಫ್ ನೋಡದವರಿಗೆ ಇಲ್ಲೊಂದು ಮಾತು ಹೇಳಬೇಕು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಟಗಾರ ಏನು ಅಂದರೂ ಮೂವತ್ತು ಸಾವಿರ ಜನರ ಗದ್ದಲ ಅದನ್ನು ನುಂಗಿಬಿಡುತ್ತದೆ. ಗಾಲ್ಫ್‌ನಲ್ಲಿ ಹಾಗಲ್ಲ. ಒಬ್ಬರು ಚೆಂಡಿನ ಮುಂದೆ ನಿಂತರೆ ಉಳಿದವರೆಲ್ಲ ಉಸಿರು ಬಿಗಿಹಿಡಿಯಬೇಕು, ನೆರಳು ಕೂಡ ಅಲುಗಾಡಬಾರದು. ಆ ಮೌನದೊಳಗೆ ಟಿವಿಯವರು ಉದ್ದ ಕೋಲಿನ ಮೈಕ್ ಹಿಡಿದು ಆಟಗಾರರ ಹಿಂದೆಯೇ ನಡೆಯುತ್ತಾರೆ. ಕ್ಲಬ್, ಅಂದರೆ ಹೊಡೆಯುವ ಕೋಲು, ಚೆಂಡಿಗೆ ತಗಲುವ ಸದ್ದು ನಮಗೆ ಅಷ್ಟು ಚೆನ್ನಾಗಿ ಕೇಳಿಸುವುದು ಅದರಿಂದಲೇ. ಆ ವರ್ಷ ಕೊರೊನಾದಿಂದಾಗಿ ಕಪಾಲುವಾದಲ್ಲಿ ಪ್ರೇಕ್ಷಕರೂ ಇರಲಿಲ್ಲ. ಮೈಕ್‌ಗೆ ಸಿಗುತ್ತಿದ್ದದ್ದು ಗಾಳಿ ಮತ್ತು ಆಟಗಾರನ ಬಾಯಿ, ಎರಡೇ.

ಇನ್ನು ಈ ಆಟಕ್ಕೇ ಅಂಟಿಕೊಂಡ ಒಂದು ಸಂಕಟವಿದೆ. ಚೆಂಡು ನಿಂತಲ್ಲೇ ನಿಂತಿರುತ್ತದೆ. ಯಾರೂ ಅದನ್ನು ನಮ್ಮ ಕಡೆ ಎಸೆದಿಲ್ಲ, ಯಾರೂ ಅಡ್ಡಗಟ್ಟಿಲ್ಲ. ತಪ್ಪಿದರೆ ತಪ್ಪಿಸಿದವನು ನಾನೇ. ನಾಲ್ಕು ಗಂಟೆಗಳ ಒಂದು ಸುತ್ತಿನಲ್ಲಿ ಹೊಡೆಯುವುದು ಎಪ್ಪತ್ತು ಚಿಲ್ಲರೆ ಸಲ, ಪ್ರತಿ ಸಲವೂ ಒಂದೆರಡು ಕ್ಷಣ. ಉಳಿದ ಹೊತ್ತೆಲ್ಲ ನಡೆಯಬೇಕು, ಆಗಷ್ಟೇ ಮಾಡಿದ ತಪ್ಪನ್ನು ತಲೆಯೊಳಗೆ ಹೊತ್ತುಕೊಂಡು. ಓಡಿ ಬೆವರು ಸುರಿಸಿ ಕೋಪ ಕಳೆದುಕೊಳ್ಳೋಣವೆಂದರೆ ಅದಕ್ಕೂ ದಾರಿಯಿಲ್ಲ. ಕೋಪ ಎಲ್ಲಿಗೆ ಹೋಗಬೇಕು? ಕೈಯಿಂದ ಹೋಗುತ್ತದೆ, ಇಲ್ಲವೇ ಬಾಯಿಂದ.

ಕೈಯಿಂದ ಹೋದ ಕಥೆಗಳು ಮಗನಿಗೆ ಬಾಯಿಪಾಠ. 2015ರಲ್ಲಿ ಅಮೆರಿಕದ ಡೊರಾಲ್‌ನಲ್ಲಿ ರೋರಿ ಮೆಕಿಲ್‌ರಾಯ್ ತಮ್ಮ 3ನೇ ಐರನ್ ಎಂಬ ಕ್ಲಬ್ ಅನ್ನು ಕೆರೆಗೆ ಎಸೆದದ್ದು, ಆಗ ಆ ಜಾಗದ ಒಡೆಯರಾಗಿದ್ದ ಡೊನಾಲ್ಡ್ ಟ್ರಂಪ್ ಮುಳುಗುಗಾರನನ್ನು ಇಳಿಸಿ ಅದನ್ನು ತೆಗೆಸಿ, ಕೊನೆಯ ದಿನ ಮರಳಿ ಕೊಟ್ಟದ್ದು ಅವನ ಮೆಚ್ಚಿನ ಕಥೆ. 2019ರ ಫೆಬ್ರುವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಸೆರ್ಜಿಯೊ ಗಾರ್ಸಿಯಾ ಗ್ರೀನ್‌ಗಳನ್ನು, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲನ್ನು, ಹಾಳುಮಾಡಿ ಟೂರ್ನಿಯಿಂದಲೇ ಹೊರಬಿದ್ದರು. ಗಂಭೀರ ದುರ್ವರ್ತನೆಗಾಗಿ ಆಟಗಾರನನ್ನು ಅನರ್ಹಗೊಳಿಸುವ ಅಧಿಕಾರವನ್ನು ಗಾಲ್ಫ್‌ನ ನಿಯಮ 1.2 ಸಮಿತಿಗೆ ಕೊಡುತ್ತದೆ. 2011ರಲ್ಲಿ ದುಬೈಯ ಗ್ರೀನ್ ಮೇಲೆ ಉಗುಳಿದ್ದಕ್ಕೆ ಟೈಗರ್ ವುಡ್ಸ್ ದಂಡ ತೆತ್ತರು. ಬಾಯಿಯ ವಿಷಯದಲ್ಲೂ ವುಡ್ಸ್ ಹಿಂದೆ ಬಿದ್ದವರಲ್ಲ. ಅವರ ಮಾತು ಮೈಕ್‌ಗೆ ಸಿಕ್ಕಾಗ ವೀಕ್ಷಕ ವಿವರಣೆಕಾರರು ಕ್ಷಮೆ ಕೇಳಿ ಮುಂದೆ ಸಾಗುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಅದನ್ನೆಲ್ಲ ಸಹಿಸಿದ್ದೇನೆ, ಈಗಲೂ ಸಹಿಸುತ್ತೇನೆ. ಅಂದು ಬೆಳಿಗ್ಗೆ ಕೇಳಿದ್ದು ಬೇರೆಯದೆಂದು ಮನಸ್ಸು ಹೇಳುತ್ತಿತ್ತು. ಏಕೆ ಬೇರೆ ಎಂದು ಮಗನಿಗೆ ಹೇಳಲು ಮಾತು ಹುಟ್ಟಲಿಲ್ಲ.

ಸುತ್ತು ಮುಗಿದ ಮೇಲೆ ಥಾಮಸ್ ಕ್ಯಾಮೆರಾ ಮುಂದೆ ಬಂದರು. ಇದಕ್ಕೆ ಯಾವ ನೆಪವೂ ಇಲ್ಲ, ನಾಚಿಕೆಯಾಗಿದೆ, ಕ್ಷಮಿಸಿ ಎಂದರು. ಸುತ್ತಿಬಳಸಲಿಲ್ಲ. ಮಗ ಹಾಲಿನ ಲೋಟ ಹಿಡಿದುಕೊಂಡೇ ಕೇಳಿದ: "ಅಪ್ಪಾ, ಅವರು ಯಾರಿಗೂ ಬೈಯಲಿಲ್ಲವಲ್ಲ? ತಮಗೇ ಬೈದುಕೊಂಡರು. ಮತ್ತೇಕೆ ಕ್ಷಮೆ?" "ಟಿವಿಯಲ್ಲಿ ಹಾಗೆ ಮಾತನಾಡಬಾರದು" ಎಂದೆ. ಎಂಥ ಬಡ ಉತ್ತರ! ಟಿವಿ ಇಲ್ಲದಿದ್ದರೆ ಆಡಬಹುದು ಎಂದಂತಾಯಿತು.

ಮಧ್ಯಾಹ್ನ ಊಟ ಮುಗಿಸಿ, ನಗರದ ಅಂಚಿನಲ್ಲಿ ನಾವು ಆಡುವ ಮೈದಾನಕ್ಕೆ ಹೋದೆವು. ನಮ್ಮ ಜೊತೆ ಯಾವಾಗಲೂ ಬರುವ ಕ್ಯಾಡಿ, ಅಂದರೆ ಕ್ಲಬ್‌ಗಳ ಚೀಲ ಹೊತ್ತು ಸಲಹೆ ಕೊಡುವವರು, ಒಬ್ಬರಿದ್ದಾರೆ. ಐವತ್ತು ದಾಟಿದವರು. ಮಗ ಅವರನ್ನು ಅಣ್ಣಾ ಎನ್ನುತ್ತಾನೆ, ಅವರು ಅವನನ್ನು ಚಿಕ್ಕ ಸಾರ್ ಎನ್ನುತ್ತಾರೆ. ಆ ಗ್ರೀನ್‌ಗಳ ಒಂದೊಂದು ಏರಿಳಿತವೂ ಅವರ ಪಾದಕ್ಕೆ ಗೊತ್ತು. ಕೂತು ನೋಡುವುದಿಲ್ಲ, ನಡೆದು ನೋಡುತ್ತಾರೆ. "ಒಂದು ಬೆರಳು ಬಲಕ್ಕೆ ಚಿಕ್ಕ ಸಾರ್" ಎಂದರೆ ಒಂದೇ ಬೆರಳು. ಮಗನಿಗೆ ಪಟ್ ಮಾಡಲು ಕಲಿಸಿದ್ದು ಕೋಚ್ ಎಂದು ನಾವು ಹೇಳಿಕೊಳ್ಳುತ್ತೇವೆ. ನಿಜವಾಗಿ ಕಲಿಸಿದವರು ಇವರು.

ಹನ್ನೊಂದನೇ ಹೋಲ್‌ನಲ್ಲಿ ಮೂರಡಿಯ ಪಟ್. ಮಗ ಅವಸರ ಮಾಡಿದ. ಚೆಂಡು ಕುಳಿಯ ಅಂಚನ್ನು ಸವರಿ ಆಚೆ ಹೋಯಿತು. ಅವನು ಪಟರ್ ನೆಲಕ್ಕೆ ಕುಟ್ಟಿ ತನಗೆ ತಾನೇ ಒಂದು ಮಾತು ಬೈದುಕೊಂಡ. ಕನ್ನಡದ್ದು. ಒಂದು ಜಾತಿಯ ಹೆಸರನ್ನೇ ಬೈಗುಳ ಮಾಡಿಕೊಂಡಿರುವ ಮಾತು. ಇಲ್ಲಿ ಬರೆಯಲಾರೆ.

ಮೈಕ್ ಇರಲಿಲ್ಲ, ಕ್ಯಾಮೆರಾ ಇರಲಿಲ್ಲ. ಇದ್ದವರು ಮೂವರು. ಕೊರೊನಾ ನಿಯಮದಿಂದಾಗಿ ಧ್ವಜದ ಕೋಲನ್ನು ಮುಟ್ಟುವಂತಿರಲಿಲ್ಲ. ಇಲ್ಲದಿದ್ದರೆ ಅದನ್ನು ಮರಳಿ ನೆಡುವ ನೆಪದಲ್ಲಾದರೂ ಕ್ಯಾಡಿ ಆಚೆ ತಿರುಗಬಹುದಿತ್ತು. ಅವರು ಕೈ ಚಾಚಿ ಪಟರ್ ತೆಗೆದುಕೊಂಡರು, ಹೆಗಲ ಮೇಲಿನ ಒದ್ದೆ ಟವೆಲ್‌ನಿಂದ ಒರೆಸಿದರು, ಚೀಲದೊಳಗೆ ಇಟ್ಟರು. ಒರೆಸಿದ್ದು ಮಾತ್ರ ಎಂದಿಗಿಂತ ಹೆಚ್ಚು ಹೊತ್ತು.

ನನಗೆ ಆ ಮಾತಿಗಿಂತ ಅದನ್ನು ಆಡಿದ ಧಾಟಿ ಎದೆಗೆ ತಾಗಿತು. ಮೊದಲ ಅಕ್ಷರವನ್ನು ಒತ್ತಿ ಕೊನೆಯದನ್ನು ಎಳೆಯುವ ಆ ಧಾಟಿ ನನ್ನ ಅಪ್ಪನದು. ಹಾಸನದ ಕಡೆಯ ನಮ್ಮೂರಿನಲ್ಲಿ ನೇಗಿಲು ಕಲ್ಲಿಗೆ ಸಿಕ್ಕಿದರೂ, ಎತ್ತು ಹಗ್ಗ ಕಿತ್ತುಕೊಂಡರೂ ಅವರ ಬಾಯಲ್ಲಿ ಬರುತ್ತಿದ್ದದ್ದು ಅದೇ. ಯಾರನ್ನೂ ಉದ್ದೇಶಿಸಿದ್ದಲ್ಲ ಎಂದೇ ನಾವೆಲ್ಲ ಬೆಳೆದೆವು. ಮಗ ಅದನ್ನು ಅಜ್ಜನಿಂದ ಕೇಳಿರಲಾರ, ಅವನು ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರು. ನಡುವೆ ಇರುವುದು ನಾನೊಬ್ಬನೇ. ಸಿಲ್ಕ್ ಬೋರ್ಡ್ ಬಳಿ ಅಡ್ಡ ನುಗ್ಗುವ ಬೈಕಿಗೆ, ಮುಚ್ಚಿದ ಕಿಟಕಿಯೊಳಗೆ ಕೂತು ನಾನು ಆಡುವ ಮಾತು ಅದು. ಹಿಂದಿನ ಸೀಟಿನಲ್ಲಿ ಅವನಿರುತ್ತಾನೆ.

ಹನ್ನೆರಡನೇ ಹೋಲ್‌ನ ಮೊದಲ ಹೊಡೆತದ ಜಾಗಕ್ಕೆ, ಅಂದರೆ ಟೀಗೆ, ನಡೆಯುವಾಗ ನಾನು ಮಗನ ಭುಜ ಹಿಡಿದು ಸಾಮಾನ್ಯವಾಗಿ ಎಲ್ಲರೂ ಹೇಳುವುದನ್ನೇ ಹೇಳಿದೆ. ಕೋಪ ಮಾಡಿಕೊಳ್ಳಬೇಡ, ಒಂದು ಪಟ್ ಹೋದರೆ ಏನಾಯಿತು, ತಾಳ್ಮೆ ಇರಲಿ. ಹಳೆಯ ಕಾಲದ ಅಮೆರಿಕನ್ ದಿಗ್ಗಜ ಬಾಬಿ ಜೋನ್ಸ್ ಕಥೆಯನ್ನೂ ಹೇಳಿದೆ. 1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ, 19ರ ವಯಸ್ಸಿನಲ್ಲಿ, ಇದೇ ಹನ್ನೊಂದನೇ ಹೋಲ್‌ನ ಬಂಕರ್ ಎಂಬ ಮರಳುಗುಂಡಿಯಲ್ಲಿ ಸಿಕ್ಕಿಹಾಕಿಕೊಂಡು ಸಿಟ್ಟಿನಿಂದ ಸ್ಪರ್ಧೆ ಬಿಟ್ಟ ಹುಡುಗ, 1927ರಲ್ಲಿ ಅಲ್ಲೇ ಓಪನ್ ಚಾಂಪಿಯನ್‌ಷಿಪ್ ಗೆದ್ದರು. 1958ರಲ್ಲಿ ಅದೇ ಊರು ಅವರನ್ನು ತನ್ನ ಗೌರವ ನಾಗರಿಕನನ್ನಾಗಿ ಮಾಡಿಕೊಂಡಿತು. ಕಥೆ ಚೆನ್ನಾಗಿದೆ, ನಿಜವೂ ಹೌದು. ಆದರೆ ನಾನು ಮಾತನಾಡಿದ್ದು ಕೋಪದ ಬಗ್ಗೆ. ಅಲ್ಲಿ ಆಗಿದ್ದ ಗಾಯ ಕೋಪದ್ದಲ್ಲ. ಹತ್ತು ಹೆಜ್ಜೆ ಹಿಂದೆ ಚೀಲ ಹೊತ್ತು ನಡೆಯುತ್ತಿದ್ದವರಿಗೆ ನನ್ನ ಉಪದೇಶವೂ ಕೇಳಿಸುತ್ತಿತ್ತು.

ಉಳಿದ ಏಳು ಹೋಲ್‌ಗಳಲ್ಲಿ ಅವರು ಎಂದಿನಂತೆಯೇ ಇದ್ದರು. ಗಾಳಿ ಎಡದಿಂದ ಇದೆ ಎಂದರು, ಏಳನೇ ಐರನ್ ಸಾಕು ಎಂದರು. ಚಿಕ್ಕ ಸಾರ್ ಎನ್ನುವುದು ಮಾತ್ರ ನಿಂತಿತ್ತು. ಬರೀ ಸಾರ್. ಮಗನಿಗೂ ಅದು ಗೊತ್ತಾಯಿತು. ಹದಿನೇಳನೇ ಗ್ರೀನ್‌ನಲ್ಲಿ ಅವನ ಕಣ್ಣು ತುಂಬಿತ್ತು. ಬೋಗಿ, ಅಂದರೆ ಪಾರ್‌ಗಿಂತ ಒಂದು ಹೊಡೆತ ಹೆಚ್ಚು, ಆದದ್ದಕ್ಕೆ ಎಂದು ಮೊದಲು ತಿಳಿದೆ.

ಆಟ ಮುಗಿದು ಕ್ಲಬ್‌ಗಳನ್ನು ತೊಳೆಯುವ ಕಟ್ಟೆಯ ಬಳಿ ಮಗ ಅವರ ಮುಂದೆ ನಿಂತ. "ಅಣ್ಣಾ, ನಾನು ನಿಮಗೆ ಬೈಯಲಿಲ್ಲ, ನನಗೇ ಬೈದುಕೊಂಡೆ" ಎಂದ. ಬೆಳಿಗ್ಗೆ ನನ್ನನ್ನು ಕೇಳಿದ ಪ್ರಶ್ನೆಯೇ ಈಗ ಅವನ ಬಾಯಲ್ಲಿ ಉತ್ತರವಾಗಿ ಬಂದಿತ್ತು.

"ಬಿಡಿ, ಹುಡುಗರು" ಎಂದರು ಅವರು. ನಲ್ಲಿ ನಿಲ್ಲಿಸಿದರು. ಆಮೇಲೆ ನನ್ನ ಕಡೆ ನೋಡದೆ, ಮಗನ ಕಡೆಯೂ ನೋಡದೆ, ಕೈಯಲ್ಲಿದ್ದ ಐರನ್‌ನ ಗೆರೆಗಳಿಂದ ಮಣ್ಣು ಕೆರೆಯುತ್ತಾ ಹೇಳಿದರು: "ಚೆನ್ನಾಗಿ ಆಡದಿದ್ದಾಗ ನೀವು ನಿಮ್ಮನ್ನು ನಮ್ಮ ಹೆಸರಿನಿಂದ ಕರೆದುಕೊಂಡಿರಿ. ನಾನು ಮೂವತ್ತು ವರ್ಷದಿಂದ ಈ ಕೆಲಸ ಚೆನ್ನಾಗಿಯೇ ಮಾಡಿದ್ದೇನೆ."

ಬೆಳಿಗ್ಗೆಯಿಂದ ನಾನು ಹುಡುಕುತ್ತಿದ್ದ ಮಾತು ಅದು. ಥಾಮಸ್‌ಗೆ ಯಾಕೆ ಕ್ಷಮೆ ಕೇಳಬೇಕಾಯಿತು ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಯಾರೂ ಕೊಟ್ಟಿಲ್ಲ. ಕೆರೆಗೆ ಬಿದ್ದ ಐರನ್ ಅನ್ನು ಮುಳುಗುಗಾರ ತಂದು ಕೊಡಬಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ. ಸೋತ ಕ್ಷಣದಲ್ಲಿ ತನ್ನನ್ನು ಕೀಳಾಗಿ ಕಾಣಬೇಕೆನಿಸಿದಾಗ ಯಾರ ಹೆಸರು ಬಾಯಿಗೆ ಬರುತ್ತದೋ, ಅವರನ್ನೇ ನಾವು ಕೀಳೆಂದು ಒಳಗೆ ಇಟ್ಟುಕೊಂಡಿದ್ದೇವೆ. ಮೈಕ್ ಹತ್ತಿರ ತಂದದ್ದೇ ತಪ್ಪು, ಆಟಗಾರನಿಗೂ ಒಂದು ಖಾಸಗಿತನ ಬೇಡವೇ ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚೀಲ ಹೊರುವವರಿಗೆ ಎಲ್ಲ ಕಾಲದಲ್ಲೂ ಎಲ್ಲವೂ ಕೇಳಿಸಿದೆ. ಮೈಕ್ ಬಂದ ಮೇಲೆ ಉಳಿದವರಿಗೂ ಕೇಳಿಸಿತು, ಅಷ್ಟೇ.

ನಾನು ಅವರಿಗೆ ಹೇಳಿದೆ: "ಆ ಮಾತು ಅವನದಲ್ಲ, ನನ್ನದು. ನನ್ನಿಂದ ಕಲಿತಿದ್ದಾನೆ. ತಪ್ಪಾಯಿತು." ಅವರು ತಲೆಯಾಡಿಸಿದರು. ಕ್ಷಮಿಸಿದೆ ಎನ್ನಲಿಲ್ಲ, ಎನ್ನಬೇಕಾಗಿಯೂ ಇರಲಿಲ್ಲ. ಇನ್ನೊಬ್ಬ ಆಟಗಾರರು ಕರೆದರು, ಅವರ ಚೀಲ ಹೆಗಲಿಗೇರಿಸಿ ಹೊರಟರು.

ಅದೇ ವಾರ ರಾಲ್ಫ್ ಲಾರೆನ್ ಎಂಬ ಬಟ್ಟೆ ಕಂಪನಿ ಥಾಮಸ್ ಜೊತೆಗಿನ ಪ್ರಾಯೋಜಕತ್ವದ ಒಪ್ಪಂದ ಮುರಿಯಿತು. ಫೆಬ್ರುವರಿಯಲ್ಲಿ ಅವರ ತಾತ ತೀರಿಕೊಂಡರು. ಮಾರ್ಚ್‌ನಲ್ಲಿ ಅವರು ಪ್ಲೇಯರ್ಸ್ ಚಾಂಪಿಯನ್‌ಷಿಪ್ ಗೆದ್ದರು. ಮಗ ಈಗಲೂ ಅವರ ಅಭಿಮಾನಿಯೇ, ನಾನೂ ಬೇಡವೆಂದಿಲ್ಲ.

ಆಗಸ್ಟ್ 7ರ ಬೆಳಗಿನ ಜಾವ ಮತ್ತೆ ಅದೇ ಕಂಬಳಿಯಲ್ಲಿ ಕುಳಿತೆವು. ಗಾಲ್ಫ್ ಎಂದರೇನೆಂದು ತಿಳಿಯದ ನಮ್ಮ ಅಕ್ಕಪಕ್ಕದ ಮನೆಗಳಲ್ಲೂ ಅಂದು ದೀಪ ಉರಿಯುತ್ತಿತ್ತು. ನಮ್ಮ ಬೆಂಗಳೂರಿನ ಹುಡುಗಿ, ಅದಿತಿ ಅಶೋಕ್, ಟೋಕಿಯೊ ಒಲಿಂಪಿಕ್ಸ್‌ನ ಪದಕಕ್ಕಾಗಿ ಆಡುತ್ತಿದ್ದಳು, ತಾಯಿಯೇ ಅವಳ ಕ್ಯಾಡಿ. ಪಟ್ ಬಿದ್ದರೂ ತಪ್ಪಿದರೂ ಅವಳ ಮುಖದ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಕೊನೆಯ ಹೋಲ್‌ನಲ್ಲಿ ಬರ್ಡಿಗಾಗಿ, ಅಂದರೆ ಪಾರ್‌ಗಿಂತ ಒಂದು ಹೊಡೆತ ಕಡಿಮೆಗೆ, ಹೊಡೆದ ಪಟ್ ಬೀಳಲಿಲ್ಲ. ಒಂದೇ ಒಂದು ಹೊಡೆತದಿಂದ ಪದಕದ ಅವಕಾಶ ತಪ್ಪಿ ನಾಲ್ಕನೆಯವಳಾದಳು. ನಾನು ಕಣ್ಣೊರೆಸಿಕೊಂಡೆ. ಮಗ ಟಿವಿಗೆ ಹತ್ತಿರ ಸರಿದು ಧ್ವನಿ ಹೆಚ್ಚಿಸಿದ, ಅವಳ ಬಾಯಿಂದ ಏನಾದರೂ ಬಂದೀತೇ ಎಂದು. ಏನೂ ಬರಲಿಲ್ಲ.

ಮರುದಿನ ಮೈದಾನದಲ್ಲಿ ಅವನ ಟೀ ಹೊಡೆತವೊಂದು ಮರಗಳೊಳಗೆ ಹೋಯಿತು. ಕೈಗವಸಿನ ಪಟ್ಟಿಯನ್ನು ಕಿತ್ತ, ಮತ್ತೆ ಅಂಟಿಸಿದ. ತುಟಿ ಬಿಗಿದು ನಡೆದ. ಟೈಗರ್ ವುಡ್ಸ್ ಹೆಸರಿನಲ್ಲಿ ಕೋಚ್‌ಗಳು ಹೇಳಿಕೊಡುವ ಒಂದು ಅಭ್ಯಾಸವಿದೆ: ಹತ್ತು ಹೆಜ್ಜೆಯವರೆಗೆ ಎಷ್ಟು ಬೇಕಾದರೂ ಸಿಟ್ಟಾಗು, ಹನ್ನೊಂದನೆಯದಕ್ಕೆ ಬಿಟ್ಟುಬಿಡು. ಅವನು ಎಣಿಸುತ್ತಿದ್ದನೋ ಏನೋ, ನನಗೆ ಕಾಣಲಿಲ್ಲ. ಮರಗಳ ಹತ್ತಿರ ಹೋದಾಗ ಅವನ ದನಿ ಮಾತ್ರ ಕೇಳಿಸಿತು.

"ಅಣ್ಣಾ, ಇಲ್ಲಿಂದ ಎಷ್ಟು ಗಜ?"

"ನೂರ ನಲವತ್ತು, ಚಿಕ್ಕ ಸಾರ್. ಕೊಂಬೆಯ ಕೆಳಗಿನಿಂದ ತೆಗೆಯಿರಿ."