ಮೇಣ, ಟರ್ಪೆಂಟೈನ್ ಮತ್ತು ಅಮ್ಮನ ತುಪ್ಪ

ಅಜ್ಜಿ ಮನೆಯಿಂದ ಬಂದ ಬೀಟೆ ಮರದ ಉಯ್ಯಾಲೆ ಮಣೆ ನಮ್ಮ ಶಿವಮೊಗ್ಗದ ಮನೆಯಲ್ಲಿ ಎರಡು ವರ್ಷ ಗೋಡೆಗೆ ಒರಗಿಕೊಂಡೇ ಇತ್ತು. ಬಣ್ಣ ಸತ್ತು ಬೂದು ಬೂದಾಗಿತ್ತು. ಬಡಗಿ ಬಂದು ನೋಡಿ, "ಮೆಲಮೈನ್ ಹೊಡೆದುಬಿಡೋಣ ಮೇಡಂ, ಕನ್ನಡಿ ಹಾಗೆ ಹೊಳೆಯುತ್ತೆ" ಅಂದರು. ನನಗೆ ಕನ್ನಡಿ ಬೇಕಿರಲಿಲ್ಲ. ಮೇಣ ತಿಕ್ಕಿದ ಮರಕ್ಕೆ ಒಂದು ತಣ್ಣನೆ ಹೊಳಪು ಬರುತ್ತದಲ್ವಾ, ಅದು ಬೇಕಿತ್ತು.

ಊರಲ್ಲಿ ಚಿಕ್ಕಪ್ಪ ತುಡುವೆ ಜೇನು ಸಾಕಿದ್ದಾರೆ. ಜೇನುತುಪ್ಪ ಹಿಂಡಿದ ಮೇಲೆ ಉಳಿದ ಮೇಣದ ಎರಿಯನ್ನು ಉಂಡೆ ಕಟ್ಟಿ ಕಳಿಸಿದರು. ಅದರಲ್ಲಿ ಜೇನುಹುಳದ ಕಾಲು, ರೆಕ್ಕೆ, ಕಸ ಎಲ್ಲ ಇತ್ತು. ನೀರಲ್ಲಿ ಕುದಿಸಿ, ಹಳೇ ಪಂಚೆಯಲ್ಲಿ ಸೋಸಿ ಆರಲು ಬಿಟ್ಟೆ. ಮೇಣ ಹಳದಿ ಬಿಲ್ಲೆಯಾಗಿ ನೀರಿನ ಮೇಲೆ ತೇಲಿತು. ಬಿಲ್ಲೆಯ ಅಡಿಗೆ ಅಂಟಿದ ಕಪ್ಪು ಗಸಿಯನ್ನು ಚಾಕುವಿನಲ್ಲಿ ಕೆರೆದು ತೆಗೆದೆ. ಇಷ್ಟಕ್ಕೇ ಒಂದು ಭಾನುವಾರ ಮುಗಿಯಿತು.

ಗಟ್ಟಿ ಮೇಣವನ್ನು ಮರಕ್ಕೆ ಹಚ್ಚುವ ಪಾಲಿಶ್ ಮಾಡಲು ಟರ್ಪೆಂಟೈನಿನಲ್ಲಿ ಕರಗಿಸಬೇಕಿತ್ತು. ಪೇಂಟ್ ಅಂಗಡಿಯಲ್ಲಿ ಟರ್ಪೆಂಟೈನ್ ಕೇಳಿದರೆ ಸಾಮಾನ್ಯವಾಗಿ ಕೊಡುವುದು ಪೆಟ್ರೋಲಿಯಂನಿಂದ ಬಂದದ್ದು. ಪೈನ್ ಮರದ ಅಂಟನ್ನು ಬಟ್ಟಿ ಇಳಿಸಿ ತೆಗೆಯುವ ಟರ್ಪೆಂಟೈನ್ ಬೇರೆ. ಮೇಣ ಎರಡರಲ್ಲೂ ಕರಗುತ್ತದೆ. ಮೂಗಿಗೆ ಮಾತ್ರ ಎರಡನೆಯದೇ ಸರಿ ಅನ್ನಿಸಿ ಅದನ್ನೇ ಹುಡುಕಿ ತಂದೆ.

ಮೊದಲ ಸಲ ಆತುರ ಮಾಡಿದೆ. ಜೇನುಮೇಣ ಸುಮಾರು 63 ಡಿಗ್ರಿಗೆ ಕರಗುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಸ್ಟೀಲ್ ಡಬ್ಬಿ ಇಟ್ಟು ಚೆನ್ನಾಗಿಯೇ ಕರಗಿಸಿದೆ. ಆಮೇಲೆ ಬಾಟಲಿಯಿಂದ ತಣ್ಣನೆ ಟರ್ಪೆಂಟೈನ್ ಸುರಿದೆ ನೋಡಿ, ನಿಂಬೆಹಣ್ಣು ಹಿಂಡಿದ ಹಾಲಿನ ಹಾಗೆ ಒಡೆದೇ ಹೋಯಿತು. ಡಬ್ಬಿ ತುಂಬ ಮೇಣದ ಚೂರು.

ಚೂರನ್ನು ಮತ್ತೆ ಕರಗಿಸಲು ಡಬ್ಬಿಯನ್ನು ಗ್ಯಾಸ್ ಹತ್ತಿರ ಒಯ್ಯುತ್ತಿದ್ದೆ. ವಾಸನೆಗೇ ಅಮ್ಮ ಕಿರುಚಿಕೊಂಡರು. ಕಿರುಚಿದ್ದು ನ್ಯಾಯ. ಹತ್ತಿರ ಉರಿ ಇದ್ದರೆ ಟರ್ಪೆಂಟೈನ್ ಆವಿಗೆ ಬೆಂಕಿ ಹತ್ತಲು ಸುಮಾರು 35 ಡಿಗ್ರಿ ಸಾಕು. ನಮ್ಮ ಏಪ್ರಿಲ್ ಮಧ್ಯಾಹ್ನವೇ ಅಷ್ಟಿರುತ್ತದೆ. ಅಲ್ಲಿಂದ ಮುಂದೆ ನೀರು ಕಾಯುವುದು ಒಳಗೆ, ಒಲೆ ಆರಿಸಿದ ಮೇಲೆ ಆ ಬಿಸಿನೀರನ್ನು ಹೊತ್ತು ಹಿತ್ತಿಲಿಗೆ ಹೋಗುವುದು, ಡಬ್ಬಿ ಇಡುವುದು ಅಲ್ಲಿಯೇ.

ಹಿತ್ತಿಲಲ್ಲಿ ಎಲ್ಲ ಕರಗಿ ಜೇನಿನ ಬಣ್ಣಕ್ಕೆ ತಿಳಿಯಾಯಿತು. ಗೆದ್ದೆ ಅಂದುಕೊಂಡು ಬಾಟಲಿಗೆ ತುಂಬಿ ಕಿಟಕಿಯಲ್ಲಿಟ್ಟೆ. ಬಟ್ಟೆಯ ಮೇಲೆ ಸುರಿದುಕೊಂಡು ಒರೆಸುವ ಹಾಗಿರಲಿ ಅಂತ ಮೇಣ ಕಡಿಮೆಯೇ ಹಾಕಿದ್ದೆ, ಅರ್ಧ ಲೀಟರಿಗೆ 50 ಗ್ರಾಂ. ಬೆಳಿಗ್ಗೆ ನೋಡಿದರೆ ಅಡಿಯಲ್ಲಿ ರವೆ, ಮೇಲೆ ತಿಳಿನೀರಿನಂಥ ಟರ್ಪೆಂಟೈನ್. ಅಲ್ಲಾಡಿಸಿದರೆ ಹತ್ತು ನಿಮಿಷ ಒಂದಾಗಿರುತ್ತದೆ, ಮತ್ತೆ ತನ್ನ ದಾರಿ ಹಿಡಿಯುತ್ತದೆ. ನೀರಿನ ಮೇಲೆ ತೇಲಿದ ಮೇಣವೇ ಇಲ್ಲಿ ಮುಳುಗುತ್ತದೆ, ಯಾಕೆಂದರೆ ಟರ್ಪೆಂಟೈನ್ ಮೇಣಕ್ಕಿಂತ ಹಗುರ.

ಬಾಟಲಿ ಹಿಡಿದು ಪೆಚ್ಚಾಗಿ ಕೂತಿದ್ದಾಗ ಅಮ್ಮ ಬಗ್ಗಿ ನೋಡಿದರು. "ಇದೇನೇ, ನಮ್ಮ ತುಪ್ಪ ಇದ್ದ ಹಾಗಿದೆ. ಮರಳು ಮರಳಾಗಿ ಬರಲಿ ಅಂತ ನಾನು ಮುಟ್ಟದೆ ಇಡ್ತೀನಲ್ಲ, ನೀನೂ ಹಾಗೇ ಇಟ್ಟಿದ್ದೀಯ. ಮರಳು ಬೇಡ ಅಂದ್ರೆ ಕೈಯಾಡಿಸ್ತಾ ಇರಬೇಕಪ್ಪ."

ನಾನು ಎರಡು ದಿನ ಮೊಬೈಲಲ್ಲಿ ಓದಿದ್ದೆಲ್ಲ ಈ ಮಾತಲ್ಲಿತ್ತು. ಮೇಣ ಟರ್ಪೆಂಟೈನಿನಲ್ಲಿ ಪೂರ್ತಿ ಕರಗಿರುವುದು ಬಿಸಿ ಇರುವಾಗ ಮಾತ್ರ. ಆರುತ್ತಾ ಬಂದ ಹಾಗೆ ಹೆಚ್ಚಿನದು ಹರಳಾಗಿ ಹೊರಗೆ ಬರುತ್ತದೆ. ಸುಮ್ನೆ ಬಿಟ್ಟರೆ ಹರಳು ನಿಧಾನವಾಗಿ ದಪ್ಪವಾಗುತ್ತದೆ. ಕದಡುತ್ತಿದ್ದರೆ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಹುಟ್ಟಿ, ಒಂದಕ್ಕೊಂದು ತಗುಲಿಕೊಂಡು ಬಲೆಯಾಗುತ್ತವೆ. ಟರ್ಪೆಂಟೈನ್ ಆ ಬಲೆಯೊಳಗೆ ಸಿಕ್ಕಿಕೊಳ್ಳುತ್ತದೆ. ಆದರೆ ಬಲೆ ಹೆಣೆಯುವಷ್ಟು ಮೇಣ ಇರಬೇಕು. ನನ್ನ 50 ಗ್ರಾಂ ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ಮೂರನೇ ಸಲ 100 ಗ್ರಾಂ ಮೇಣಕ್ಕೆ 300 ಮಿಲಿ. ಟರ್ಪೆಂಟೈನ್ ಬಾಟಲಿಯನ್ನೂ ಮುಚ್ಚಳ ಸಡಿಲ ಮಾಡಿ ಉಗುರುಬೆಚ್ಚನೆ ನೀರಲ್ಲಿಟ್ಟಿದ್ದೆ. ಸ್ವಲ್ಪ ಸ್ವಲ್ಪವೇ ಬೆರೆಸಿದೆ. ಬಿಸಿನೀರಿನಿಂದ ಎತ್ತಿದ ಮೇಲೆ ಐಸ್‌ಕ್ರೀಂ ಕಡ್ಡಿಯಲ್ಲಿ ತಿರುಗಿಸತೊಡಗಿದೆ. ಮೊದಲು ಡಬ್ಬಿಯ ಅಂಚಿಗೆ ಮಂಜು ಕವಿದ ಹಾಗೆ ಬಿಳಿ ಗೆರೆ ಬಂತು. ಅದನ್ನು ಕೆರೆದು ಒಳಗೆ ಸೇರಿಸಿದೆ. ಪೂರ್ತಿ ಮಬ್ಬಾಯಿತು. ಅಂಬಲಿಯಾಯಿತು. ಕಡ್ಡಿ ಎಳೆದ ದಾರಿ ಮುಚ್ಚಿಕೊಳ್ಳದೆ ನಿಲ್ಲತೊಡಗಿದಾಗ ಇಪ್ಪತ್ತೈದು ನಿಮಿಷ ಆಗಿತ್ತು. ತೋಳು ಬಿದ್ದುಹೋಗಿತ್ತು. ಬೆರಳಲ್ಲಿ ಉಜ್ಜಿ ನೋಡಿದೆ, ಒಂದು ಕಾಳೂ ಸಿಗಲಿಲ್ಲ.

ಮಣೆಗೆ ತೆಳುವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಹತ್ತಿ ಬಟ್ಟೆಯಲ್ಲಿ ತಿಕ್ಕಿದೆ. ಬೂದು ಮರದೊಳಗಿಂದ ಕಪ್ಪು, ನೇರಳೆ ಗೆರೆಗಳು ಎದ್ದು ಬಂದವು. ಟರ್ಪೆಂಟೈನ್ ಆರಿಹೋಗುತ್ತದೆ, ಮರದ ಮೇಲೆ ಉಳಿಯುವುದು ಮೇಣ ಮಾತ್ರ. ವಾಸನೆ ಮೂರು ದಿನ ಇತ್ತು.

ಸುರಿಯುವ ಹಾಗಿರುವ ಪಾಲಿಶ್ ಮಾತ್ರ ನನಗೆ ಕೈಗೆ ಹತ್ತಲಿಲ್ಲ. ಆ ಮೊದಲಿನ ಬಾಟಲಿಯನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿಟಕಿ ಚೌಕಟ್ಟಿಗೆ ಬಳಸಿ ಖಾಲಿ ಮಾಡುತ್ತಿದ್ದೇನೆ. ಮೂರನೇ ಸಲದ್ದನ್ನು ತುಂಬಿಟ್ಟಿದ್ದು ಮನೆಯಲ್ಲಿದ್ದ ಹಳೇ ತುಪ್ಪದ ಗಾಜಿನ ಭರಣಿಗೆ. ಬಣ್ಣವೂ ಅದೇ, ಮಂದವೂ ಅದೇ. ಮಾರನೇ ದಿನ ಭರಣಿ ಅಡುಗೆಮನೆ ಕಪಾಟಿನಿಂದ ಹಿತ್ತಿಲ ಗೂಡಿಗೆ ಹೋಗಿತ್ತು. ಮುಚ್ಚಳದ ಮೇಲೆ ಅಮ್ಮನ ಅಕ್ಷರದಲ್ಲಿ ಒಂದು ಚೀಟಿ: "ತುಪ್ಪ ಅಲ್ಲ. ದೋಸೆಗೆ ಹಾಕಬೇಡಿ."