ಹಾಲು ನೋಡು, ಹಾಲು ನೋಡ್ಕೋ

ನಮ್ಮ ಇಂಗ್ಲಿಷ್ ತರಗತಿಯ ಕರಿಹಲಗೆಯಿಂದ ಇವತ್ತಿಗೂ ಅಳಿಸಿಹೋಗದ ಪದ ‘ವಾಚ್’. ಈಗ ಅದೇ ಬೆಂಚುಗಳಲ್ಲಿ ಕೂತಿರುವವರಿಗೆ ಅದನ್ನು ದಾಟಿಸಬೇಕು ಅನ್ನಿಸಿತು.

ಸೀ, ಲುಕ್, ವಾಚ್ ಮೂರಕ್ಕೂ ನಾವು ‘ನೋಡು’ ಎಂದೇ ಬರೆದುಕೊಳ್ಳುತ್ತೇವೆ. ತಪ್ಪು ಹುಟ್ಟುವುದು ಅಲ್ಲೇ. ತಾನಾಗಿ ಕಣ್ಣಿಗೆ ಬಿದ್ದರೆ ಸೀ. ಬೇಕೆಂದೇ ಕಣ್ಣು ಹಾಯಿಸಿದರೆ ಲುಕ್. ನೋಡಿದ ವಸ್ತುವನ್ನು ಹೇಳುವಾಗ ಅದಕ್ಕೆ ‘ಆ್ಯಟ್’ ಬೇಕು. ನಡೆಯುತ್ತಿರುವುದರ ಮೇಲೆ ಗಮನ ನಿಲ್ಲಿಸಿದರೆ ವಾಚ್. ಅದಕ್ಕೆ ‘ಆ್ಯಟ್’ ಬೇಡ. ಗೋಡೆಯ ಫೋಟೋಗೆ ಲುಕ್ ಸಾಕು, ಚಿನ್ನಸ್ವಾಮಿ ಕ್ರೀಡಾಂಗಣದ ಪಂದ್ಯಕ್ಕೆ ವಾಚ್ ಬೇಕು. ಬೆಂಗಳೂರಿನಲ್ಲಿ ದಿನಾ ಕಿವಿಗೆ ಬೀಳುವ ‘ಐ ಆಮ್ ಸೀಯಿಂಗ್ ಟಿವಿ’ ಸರಿಯಲ್ಲ, ‘ವಾಚಿಂಗ್’ ಆಗಬೇಕು.

ಒಲೆಯ ಮೇಲೆ ಹಾಲಿಟ್ಟು ಹೊರಗೆ ಹೋಗುವ ಅಮ್ಮ ‘ಹಾಲು ನೋಡು’ ಅನ್ನುವುದಿಲ್ಲ, ‘ಹಾಲು ನೋಡ್ಕೋ’ ಅನ್ನುತ್ತಾಳೆ. ಆ ‘ಕೊಳ್ಳು’ ಸೇರಿದೊಡನೆ ನೋಟಕ್ಕೆ ಹೊಣೆ ಅಂಟಿಕೊಂಡಿತು: ಅಂಚಿನಲ್ಲಿ ನೊರೆ ಏಳುತ್ತಲೇ ಉರಿ ತಗ್ಗಿಸಬೇಕು. ‘ವಾಚ್ ದ ಮಿಲ್ಕ್’ ಎಂದರೆ ಇಷ್ಟೂ ಬಂತು. ಇನ್ನೂ ಹತ್ತಿರದ ಪದ ‘ಕಾಯು’. ಹೊಲ ಕಾಯುತ್ತೇವೆ, ಬಸ್ಸಿಗೂ ಕಾಯುತ್ತೇವೆ. ಮೊದಲನೆಯದು ವಾಚ್ ಓವರ್, ಎರಡನೆಯದಕ್ಕೆ ಸಮೀಪದ್ದು ವಾಚ್ ಫಾರ್. ವಾಚ್ ಔಟ್ ಮಾತ್ರ ನಮ್ಮ ‘ಹುಷಾರು!’

ಕೈಗೆ ಕಟ್ಟುವ ವಾಚಿಗೂ ಇದಕ್ಕೂ ಏನು ನಂಟು? ಹಳೆಯ ಇಂಗ್ಲಿಷಿನಲ್ಲಿ ವಾಚ್, ವೇಕ್ ಎರಡರ ಬೇರೂ ಒಂದೇ: ಎಚ್ಚರವಾಗಿರುವುದು. ಹಡಗಿನಲ್ಲಿ ಸರದಿಯ ಕೆಲಸಕ್ಕೂ ವಾಚ್ ಎಂದೇ ಹೆಸರು. ಸಾಂಪ್ರದಾಯಿಕವಾಗಿ ಒಂದು ಸರದಿ 4 ಗಂಟೆ. ಸಂಜೆ 4ರಿಂದ 8ರವರೆಗಿನದನ್ನು ಮಾತ್ರ ಎರಡೆರಡು ಗಂಟೆಯ ‘ಡಾಗ್ ವಾಚ್’ಗಳಾಗಿ ಸೀಳುತ್ತಿದ್ದರು. ಆಗ ದಿನಕ್ಕೆ 7 ಸರದಿ; ಬೆಸಸಂಖ್ಯೆಯಾದ್ದರಿಂದ ಎರಡು ತಂಡಗಳಲ್ಲಿ ಒಂದೇ ತಂಡಕ್ಕೆ ನಿತ್ಯವೂ ನಡುರಾತ್ರಿಯ ಪಾಳಿ ಬೀಳುತ್ತಿರಲಿಲ್ಲ. ನಮ್ಮಲ್ಲೂ ಹೀಗೇ: 3 ಗಂಟೆಯ ‘ಪ್ರಹರ’ದಿಂದಲೇ ‘ಪಹರೆ’ ಬಂದದ್ದು. ಕಾಲವೂ ಕಾವಲೂ ಒಂದೇ ಮಾತಿನಲ್ಲಿ ಕೂಡಿಕೊಂಡಿರುವುದು ನನಗೆ ಬಹಳ ಪ್ರಿಯವಾದ ಸಂಗತಿ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಿಂದ ಎಚ್‌ಎಂಟಿ ಇದೇ ಬೆಂಗಳೂರಿನಲ್ಲಿ ವಾಚು ತಯಾರಿಸಲು ಕಾರ್ಖಾನೆ ತೆರೆದ ಮೇಲಂತೂ ಆ ಪದ ಮನೆಮಾತಾಯಿತು. ಗೇಟಿನ ವಾಚ್‌ಮನ್ ಹಳೆಯ ಅರ್ಥವನ್ನೇ ಉಳಿಸಿಕೊಂಡಿದ್ದಾನೆ. ‘ಅವನನ್ನ ವಾಚ್ ಮಾಡ್ತಾ ಇದೀನಿ’ ಅಂದಾಗ ಮಾತ್ರ ನಮ್ಮ ಆಡುಮಾತಿನಲ್ಲಿ ಅನುಮಾನದ ವಾಸನೆ ಸೇರಿಬಿಡುತ್ತದೆ. ಇಂಗ್ಲಿಷಿನಲ್ಲಿ ಅದು ಕಡ್ಡಾಯವಲ್ಲ.

ಪರೀಕ್ಷೆಯಲ್ಲಿ ಅಂಕ ಹೋಗುವುದು ಇನ್ನೊಂದು ಕಡೆ. ‘ಐ ವಾಚ್ಡ್ ಹರ್ ಟು ಕ್ರಾಸ್ ದ ರೋಡ್’ ತಪ್ಪು, ‘ಟು’ ತೆಗೆಯಬೇಕು. ‘ವಾಚ್ಡ್ ಹರ್ ಕ್ರಾಸ್’ ಎಂದರೆ ಆಚೆ ಬದಿ ಸೇರುವವರೆಗೂ ನೋಡಿದೆ. ‘ವಾಚ್ಡ್ ಹರ್ ಕ್ರಾಸಿಂಗ್’ ಎಂದರೆ ದಾಟುತ್ತಿರುವುದನ್ನು ನೋಡಿದೆ. ಆಚೆ ತಲುಪಿದಳೋ ಇಲ್ಲವೋ, ಆ ವಾಕ್ಯ ಹೇಳುವುದಿಲ್ಲ.