ನೀಲಕಂಠ ಏಕೆ ಕಡಿಮೆಯಾಗುತ್ತಿದೆ: ಮಧುಗಿರಿ ಸೀಮೆಯ ಗಣತಿ, ಬೇಸಿಗೆ ಹಂತದ ವರದಿ

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ ಮೀಸಲು ಪ್ರದೇಶ ಮತ್ತು ಅದರ ಸುತ್ತಲಿನ ಹೊಲ, ತೋಟ, ಗೋಮಾಳಗಳಲ್ಲಿ ನಾವು ಕೆಲವರು ಸೇರಿ ನಡೆಸುತ್ತಿರುವ ನೀಲಕಂಠ ಗಣತಿಯ ಬೇಸಿಗೆ ಹಂತ ಮುಗಿದಿದೆ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯು, ದೀರ್ಘಾವಧಿಯ ಏರಿಳಿತವನ್ನು ಅಳೆಯಲು ಸಾಧ್ಯವಾದ 338 ಪ್ರಭೇದಗಳ ಪೈಕಿ ಶೇ 60ರಷ್ಟು ಇಳಿಮುಖವಾಗಿವೆ ಎಂದು ತಿಳಿಸಿತು. ನಮ್ಮ ರಾಜ್ಯಪಕ್ಷಿಯಾದ ನೀಲಕಂಠವು ಹನ್ನೆರಡು ವರ್ಷಗಳಲ್ಲಿ ಸುಮಾರು ಶೇ 30ರಷ್ಟು ಕುಸಿದಿದೆ ಎಂಬ ಮಾತೂ ಅದರಲ್ಲಿತ್ತು. ಬಯಲುಸೀಮೆಯಲ್ಲಿ ಎಲ್ಲೆಂದರಲ್ಲಿ ಕಾಣುತ್ತಿದ್ದ ಹಕ್ಕಿಗೆ ಹೀಗೇಕಾಯಿತು ಎಂಬುದನ್ನು ಒಂದು ಸಣ್ಣ ಪ್ರದೇಶದಲ್ಲಾದರೂ ಅರಿಯಬೇಕೆಂಬುದು ನಮ್ಮ ಉದ್ದೇಶ.

ಕ್ರಮ ಸರಳವಾದುದು. ಗೊತ್ತುಪಡಿಸಿದ ದಾರಿಗಳಲ್ಲಿ ಬೆಳಗಿನ ಒಂದೇ ವೇಳೆಯಲ್ಲಿ, ಒಂದೇ ವೇಗದಲ್ಲಿ ನಡೆದು, ಕಂಡ ಪ್ರತಿ ನೀಲಕಂಠವು ಎಲ್ಲಿ ಕುಳಿತಿತ್ತು ಮತ್ತು ಅದರ ಕೆಳಗಿನ ನೆಲ ಎಂಥದ್ದು ಎಂಬುದನ್ನು ಬರೆದುಕೊಳ್ಳುತ್ತೇವೆ. ಈ ಎರಡನೆಯ ಅಂಶವೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ಕೂರುವ ತಾಣಗಳ ಕೊರತೆ ಇಲ್ಲಿಲ್ಲ. ನೀಲಕಂಠವು ಎತ್ತರದಲ್ಲಿ ಕುಳಿತು, ನೆಲದ ಮೇಲೆ ಹುಳು ಕಂಡೊಡನೆ ಇಳಿದು ಹಿಡಿಯುವ ಹಕ್ಕಿ. ವಿದ್ಯುತ್ ತಂತಿಗಳು ಹಳ್ಳಿಹಳ್ಳಿಗೂ ಬಂದ ಮೇಲೆ ಅದಕ್ಕೆ ಅನುಕೂಲವೇ ಆಗಿರಬೇಕು. ಆದರೆ ಒಂದೇ ತಂತಿ ರಾಗಿ ಕೊಯ್ದ ಹೊಲವನ್ನು ದಾಟಿ ಅಡಿಕೆ ತೋಟದ ಮೇಲೆ ಸಾಗುವ ಕಡೆ, ಹೊಲದ ಭಾಗದಲ್ಲಿ ಹಕ್ಕಿ ಸಿಗುತ್ತದೆ, ತೋಟದ ಭಾಗದಲ್ಲಿ ಕಾಜಾಣವೋ ಕಳ್ಳಿಪೀರವೋ ಮಾತ್ರ ಸಿಗುತ್ತವೆ. ಇವೆರಡೂ ಗಾಳಿಯಲ್ಲೇ ಹುಳು ಹಿಡಿಯಬಲ್ಲವು. ನೀಲಕಂಠಕ್ಕೆ ಬೋಳು ನೆಲ ಅಥವಾ ಗಿಡ್ಡ ಹುಲ್ಲು ಕಣ್ಣಿಗೆ ಬೀಳಬೇಕು. ಕೊಳವೆಬಾವಿಯ ನೀರು ನಂಬಿ ರಾಗಿ, ಹುರುಳಿಯ ಹೊಲಗಳು ತೋಟಗಳಾಗುತ್ತಿರುವುದು, ಗೋಮಾಳಗಳು ಒತ್ತುವರಿಯಾಗುತ್ತಿರುವುದು ಇಲ್ಲಿ ಮೊದಲ ಕಾರಣವೆಂದು ನಾನು ಭಾವಿಸುತ್ತೇನೆ.

ಎರಡನೆಯದು ಆಹಾರ. ಏಪ್ರಿಲ್‌ನ ಮಳೆಯ ನಂತರ ಒಂದೇ ಹೊಲದ ಎರಡು ಬದುಗಳ ಮೇಲೆ ನಡೆದು ನೋಡಿದೆವು. ಕಳೆನಾಶಕ ಹೊಡೆದ ಬದುವಿನ ಹುಲ್ಲು ಬುಡದವರೆಗೆ ಹಳದಿಯಾಗಿ ಒಣಗಿತ್ತು. ಹೆಜ್ಜೆ ಇಟ್ಟಾಗ ಏನೂ ಮೇಲೇಳಲಿಲ್ಲ. ಹೊಡೆಯದೆ ಬಿಟ್ಟ ಬದುವಿನಲ್ಲಿ ಪ್ರತಿ ಹೆಜ್ಜೆಗೂ ಮಿಡತೆಗಳು ಎರಡೂ ಬದಿಗೆ ಚಿಮ್ಮುತ್ತಿದ್ದವು, ಕಲ್ಲೊಂದನ್ನು ಸರಿಸಿದರೆ ಅಡಿಯಲ್ಲಿ ಜೀರುಂಡೆಗಳಿದ್ದವು. "ಕಳೆ ಕೀಳೋಕೆ ಆಳು ಸಿಗಲ್ಲ ಸಾರ್, ಸಿಕ್ಕಿದ್ರೂ ಕೂಲಿ ಕೊಟ್ಟು ಪೂರೈಸಲ್ಲ" ಎಂದು ಹೊಲದ ಯಜಮಾನರು ಹೇಳಿದರು. ಅವರ ಮಾತು ನಿಜ, ಅವರನ್ನು ದೂರುವುದು ನ್ಯಾಯವಲ್ಲ. ಇದರ ಜೊತೆಗೆ ಬೀಜೋಪಚಾರಕ್ಕೂ ಸಿಂಪಡಣೆಗೂ ಬಳಕೆಯಾಗುವ ಇಮಿಡಾಕ್ಲೋಪ್ರಿಡ್‌ನಂತಹ ಕೀಟನಾಶಕಗಳಿವೆ. ನೆದರ್ಲೆಂಡ್ಸ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವು, ಕೆರೆ ಕಾಲುವೆಗಳ ನೀರಿನಲ್ಲಿ ಈ ರಾಸಾಯನಿಕ ಹೆಚ್ಚಿದ್ದ ಕಡೆಗಳಲ್ಲಿ ಹುಳು ತಿನ್ನುವ ಹಕ್ಕಿಗಳು ವರ್ಷಕ್ಕೆ ಸರಾಸರಿ ಶೇ 3.5ರಷ್ಟು ಇಳಿದುದನ್ನು ತೋರಿಸಿತ್ತು.

ಮೊಬೈಲ್ ಟವರ್‌ಗಳ ಬಗ್ಗೆ ಹಳ್ಳಿಯಲ್ಲಿ ಎಲ್ಲರೂ ಕೇಳುತ್ತಾರೆ. ಅವುಗಳಿಂದಲೇ ಹಕ್ಕಿಗಳು ಕಡಿಮೆಯಾದವು ಎನ್ನಲು ಗಟ್ಟಿಯಾದ ಪುರಾವೆ ಇಲ್ಲ. ಕಣ್ಣೆದುರಿನ ಬದುವಿನ ಕಡೆಗೆ ಗಮನ ಹೋಗಲಿ ಎಂಬುದು ನನ್ನ ಕಳಕಳಿ.

ಮೂರನೆಯದಾದ ಗೂಡಿನ ಪ್ರಶ್ನೆಯೇ ನಮ್ಮನ್ನು ಹೆಚ್ಚು ಕಾಡಿದೆ. ನೀಲಕಂಠ ತಾನಾಗಿ ಪೊಟರೆ ಕೊರೆಯಲಾರದು. ಮರಕುಟಿಕ ಬಿಟ್ಟುಹೋದ ಪೊಟರೆಯನ್ನೋ ಕೊಳೆತ ತಾಳೆ, ತೆಂಗು, ಈಚಲಿನ ಬೊಡ್ಡೆಯನ್ನೋ ನೆಚ್ಚಿಕೊಂಡಿದೆ. ಸುಳಿ ಸತ್ತ ತೆಂಗನ್ನು ಕಡಿದು ತೆಗೆಯಿರಿ ಎಂಬುದು ಕೃಷಿ ತಜ್ಞರ ಸಲಹೆ, ಏಕೆಂದರೆ ಕೊಳೆಯುವ ಕಾಂಡದಲ್ಲಿ ರೈನೋಸರಸ್ ದುಂಬಿ ಮೊಟ್ಟೆಯಿಡುತ್ತದೆ. ತೋಟದ ದೃಷ್ಟಿಯಿಂದ ಸರಿಯಾದ ಈ ಸಲಹೆಯೇ ಹಕ್ಕಿಯ ಮನೆಯನ್ನು ಕಸಿಯುತ್ತದೆ. ನಮ್ಮ ದಾರಿಯಲ್ಲಿ ಉಳಿದಿದ್ದ ಒಂದು ತಲೆಯಿಲ್ಲದ ತೆಂಗಿಗಾಗಿ ಮೇ ತಿಂಗಳಿಡೀ ಗಿಳಿ, ಗೊರವಂಕ, ನೀಲಕಂಠಗಳು ಕಾದಾಡಿದವು. ಕೊನೆಗೆ ನೀಲಕಂಠದ ಜೋಡಿಗೇ ಅದು ದಕ್ಕಿತು. ಗಂಡೋ ಹೆಣ್ಣೋ ತಿಳಿಯದ ಒಂದು ಹಕ್ಕಿ ಮಿಡತೆಯನ್ನು ತಂತಿಗೆ ಬಡಿದು ಬಡಿದು ಮೆತ್ತಗಾಗಿಸಿ ಪೊಟರೆಯೊಳಗೆ ಒಯ್ಯುವುದನ್ನು ಬಹಳ ಹೊತ್ತು ನೋಡಿದೆವು. ಆ ಮರದ ಪಕ್ಕದಲ್ಲೇ ಇರುವುದು ಔಷಧಿ ಕಾಣದ ಗೋಮಾಳ.

ಆಹಾರ ಮತ್ತು ಪೊಟರೆ ಎರಡೂ ಒಂದೇ ಕಡೆ ಇದ್ದುದರಿಂದ, ಇವೆರಡರಲ್ಲಿ ಯಾವುದರ ಕೊರತೆ ಹೆಚ್ಚು ಬಾಧಿಸುತ್ತಿದೆ ಎಂಬುದನ್ನು ಗಣತಿಯೊಂದರಿಂದಲೇ ಬೇರ್ಪಡಿಸಲಾಗದು. ಆದ್ದರಿಂದ ಮುಂದಿನ ಹಂತದಲ್ಲಿ ಮರದ ಗೂಡುಪೆಟ್ಟಿಗೆಗಳನ್ನು ಕಟ್ಟಲಿದ್ದೇವೆ. ಸ್ಪೇನ್ ಮತ್ತು ಹಂಗೇರಿಗಳಲ್ಲಿ ಇದರ ಬಂಧುವಾದ ಯುರೋಪಿನ ನೀಲಕಂಠವು ಇಂತಹ ಪೆಟ್ಟಿಗೆಗಳಲ್ಲಿ ನೆಲೆನಿಂತು ಚೇತರಿಸಿಕೊಂಡಿದೆ. ಗೋಮಾಳದ ಅಂಚಿನಲ್ಲಿ ಕೆಲವು, ನಿಯಮಿತವಾಗಿ ಸಿಂಪಡಣೆಯಾಗುವ ಹೊಲಗಳ ನಡುವೆ ಕೆಲವು. ಗೋಮಾಳದ ಪೆಟ್ಟಿಗೆಗಳು ಮಾತ್ರ ತುಂಬಿದರೆ ಹುಳುಗಳ ಕೊರತೆಯೇ ಮುಖ್ಯವೆಂದು ತಿಳಿಯಬಹುದು, ಎರಡೂ ತುಂಬಿದರೆ ಪೊಟರೆಯ ಕೊರತೆ. ಜಮೀನಿನವರು ಒಪ್ಪಿದ್ದಾರೆ, ಮಾರ್ಚ್‌ಗೆ ಮೊದಲು, ಅಂದರೆ ಜೋಡಿಗಳು ಪೊಟರೆ ಹುಡುಕಲಾರಂಭಿಸುವ ಮುನ್ನ, ಪೆಟ್ಟಿಗೆಗಳು ಕಂಬವೇರಬೇಕು.